ಎಡಗೈ ಸಿಂಹವನ್ನು ಎರಡು ಸಲ ಕೆತ್ತಿದ ಯಂತ್ರರಾಜರಿಗೆ

ಶ್ರೀಮದ್ ಸಿ.ಎನ್.ಸಿ. ಯಂತ್ರರಾಜರ ದಿವ್ಯ ಸನ್ನಿಧಾನಕ್ಕೆ,
ವಾಸ: ನಮ್ಮ ಮನೆಯ ಹಿಂಬದಿಯ ತಗಡಿನ ಶೆಡ್ಡು, ಹೊಸಮನೆ, ಶಿವಮೊಗ್ಗ.

ಮಾನ್ಯರೇ,

ಮೂರು ಮೋಟಾರುಗಳ ಒಡೆಯರೂ, ಕಂಪ್ಯೂಟರು ಹೇಳಿದಂತೆ ಮರ ಕೆತ್ತಿ ಹೊಟ್ಟನ್ನು ಹತ್ತು ದಿಕ್ಕಿಗೂ ದಾನ ಮಾಡುವ ಮಹಾದಾನಿಗಳೂ, ಕರೆಂಟು ಇದ್ದಾಗ ಗರ್ಜಿಸುವವರೂ, ಕರೆಂಟು ಹೋದಾಗ ತಾವು ಯಾರು, ಎಲ್ಲಿದ್ದೀರಿ ಎಂಬುದನ್ನೇ ಮರೆಯುವವರೂ ಆದ ತಮ್ಮ ಪಾದಾರವಿಂದಗಳಿಗೆ, ಅಂದರೆ ತಮ್ಮ ಟೇಬಲ್ಲಿನ ನಾಲ್ಕು ಕಾಲುಗಳಿಗೂ ಬೇರೆ ಬೇರೆಯಾಗಿ, ಗಾಂಧಿ ಬಜಾರಿನ ಜವಳಿ ವ್ಯಾಪಾರಿಯೂ ಭದ್ರಾವತಿಯ ಸಿಡಿಲಮರಿ ನಾಟಕ ಸಂಘದ ಮಾಜಿ ಮಹಾರಾಜನೂ ಆದ ಷಡಕ್ಷರಪ್ಪನು ಮಾಡುವ ಸಾಷ್ಟಾಂಗ ಪ್ರಣಾಮಗಳು. ಇತ್ತ ನಾನು ಕ್ಷೇಮ. ತಮ್ಮ ಕ್ಷೇಮವನ್ನು ನಾನು ಕೇಳಬೇಕಾಗಿಲ್ಲ. ಶೆಡ್ಡು ಸೋರಿದ ದಿನ ನನ್ನ ಹೆಗಲ ಮೇಲಿನ ಶಾಲನ್ನೇ ತೆಗೆದು ತಮಗೆ ಹೊದಿಸಿ ಕೆಮ್ಮುತ್ತಾ ಕೂತವನು ನಾನೇ ತಾನೆ.

ಮೇಲಿನ ಸಾಲಿನಲ್ಲಿ ‘ಮಾಜಿ’ ಎಂಬ ಪದವೊಂದಿದೆ. ದಯಮಾಡಿ ಅದನ್ನು ಇನ್ನೊಮ್ಮೆ ಓದಿಕೊಳ್ಳಬೇಕು. ಮೂವತ್ತು ವರ್ಷ ಉಗ್ರಕೇತು ಮಹಾರಾಜನಾಗಿ ಭದ್ರಾವತಿಯ ಹಳೇನಗರದ ರಂಗದ ಮೇಲೆ ಮೀಸೆ ತಿರುವಿ, ಭದ್ರಾ ನದಿಯ ಆಚೆ ದಡದಲ್ಲಿ ಮಲಗಿದ್ದ ಕೂಸುಗಳನ್ನೂ ಎಬ್ಬಿಸಿ ಅಳಿಸಿದ ಈ ಕಂಠದ ಹಿಂದೆ ಆ ಎರಡಕ್ಷರದ ಪದವನ್ನು ಅಂಟಿಸಿದವರು ಬೇರಾರೂ ಅಲ್ಲ, ತಾವು. ಶೆಡ್ಡಿನ ಬಾಗಿಲು ಮುಚ್ಚಿಕೊಂಡು ತಮಗೆ ಖಾಸಗಿಯಾಗಿ ಎಷ್ಟೋ ಬೈದು ನೋಡಿದೆ, ತಾವು ಕಿವಿಗೊಡಲಿಲ್ಲ. ಆದ್ದರಿಂದ ಊರ ಮುಂದೆ, ಬಹಿರಂಗವಾಗಿ, ಆದರೆ ಅತ್ಯಂತ ವಿನಯದಿಂದ ಬರೆಯುತ್ತಿದ್ದೇನೆ.

ಮೊದಲು ಆಣೆಯ ಸಂಗತಿ. ನಮ್ಮ ಸಂಘದ ಸಿಂಹಾಸನಕ್ಕೆ ಎರಡು ಕೈ, ಕೈಗೊಂದು ಸಿಂಹದ ಮುಖ. ಕೆತ್ತಿದ ಪುಣ್ಯಾತ್ಮರು ಕೈಲಾಸ ಸೇರಿ ಯಾವ ಕಾಲವಾಯಿತೋ. ಕಳೆದ ಬೇಸಿಗೆಯಲ್ಲಿ ಸಾಮಾನಿನ ಕೋಣೆ ತೆರೆದಾಗ ಬಲಗೈ ಸಿಂಹ ಯಥಾಪ್ರಕಾರ ಗುರುಗುಟ್ಟುತ್ತಿತ್ತು, ಎಡಗೈ ಸಿಂಹವನ್ನು ಗೆದ್ದಲು ತಿಂದು ಬರೀ ಕಿವಿ ಉಳಿಸಿತ್ತು. ಮೂವತ್ತು ವರ್ಷವೂ ನನ್ನ ಮಂತ್ರಿಯಾಗಿ ‘ಅಪ್ಪಣೆ ಮಹಾಪ್ರಭೂ’ ಎಂದು ಬಗ್ಗಿ ಬಗ್ಗಿ ಸೊಂಟ ನೋಯಿಸಿಕೊಂಡಿದ್ದ ಬೆಲ್ಲದ ಮಂಡಿಯ ಭೈರಪ್ಪ ಅವತ್ತು ನೆಟ್ಟಗೆ ನಿಂತ. “ಗೆದ್ಲು ಹಿಡ್ದಿರೋದು ಸಿಂಹಕ್ಕೊಂದೇ ಅಲ್ಲ ಕಣೋ ಮಾರಾಯ, ರಾಜನ್ಗೂ ಹಿಡ್ದದೆ. ಈ ಸಲ ಪ್ಲಾಸ್ಟಿಕ್ ಕುರ್ಚಿ ಹಾಕಣ, ರಾಜನ್ನೂ ಬದಲಾಯ್ಸಣ” ಎಂದು ಎಲ್ಲರ ಎದುರು ಅಂದ. ಉಗ್ರಕೇತು, ಪ್ಲಾಸ್ಟಿಕ್ ಕುರ್ಚಿಯ ಮೇಲೆ! ಮದುವೆ ಮನೆಯಲ್ಲಿ ಪಂಕ್ತಿಗೆ ಕಾದು ಕೂತವನ ಹಾಗೆ! ನಾನು ಸಂಘದ ಹಾರ್ಮೋನಿಯಂ ಮುಟ್ಟಿ ಆಣೆ ಮಾಡಿದೆ: ನಾಟಕದ ದಿನದೊಳಗೆ ಎಡಗೈ ಮೇಲೆ ಬಲಗೈಗೆ ಸರಿಜೋಡಿಯಾದ ಸಿಂಹ ಕೂರಿಸುತ್ತೇನೆ, ಕೂರಿಸಲಾಗದಿದ್ದರೆ ಈ ಕಿರೀಟ ನಿನ್ನ ತಲೆಗೆ. ಹಾರ್ಮೋನಿಯಂ ಮುಟ್ಟಿ ಆಡಿದ ಮಾತನ್ನು ನಮ್ಮ ಸಂಘದಲ್ಲಿ ಇದುವರೆಗೆ ಯಾರೂ ಮುರಿದಿಲ್ಲ. ನಾನು ಅಷ್ಟು ಧೈರ್ಯದಿಂದ ಮುಟ್ಟಿದ್ದು ಯಾರನ್ನು ನಂಬಿ ಎಂದು ತಿಳಿದಿರಿ? ಹವ್ಯಾಸಕ್ಕೆಂದು ನಾನು ಶೆಡ್ಡಿನಲ್ಲಿ ಜೋಡಿಸುತ್ತಿದ್ದ, ಆಗಿನ್ನೂ ಅರ್ಧಂಬರ್ಧ ದೇಹದ, ತಮ್ಮನ್ನು ನಂಬಿ.

ತಮ್ಮ ಅಂಗಾಂಗಗಳ ಆಯ್ಕೆಯಲ್ಲಿ ನಾನು ತೋರಿದ ವಿವೇಕವನ್ನು ಇಲ್ಲಿ ಸ್ಮರಿಸದಿದ್ದರೆ ಇತಿಹಾಸಕ್ಕೆ ಅಪಚಾರವಾದೀತು. ನಮ್ಮ ಮಹಡಿಯ ಬಾಡಿಗೆ ಮನೆಯಲ್ಲಿರುವ ಸುಪ್ರಿಯಾ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವ ಹೆಣ್ಣುಮಗಳು. ಆಕೆ ಮೊದಲ ದಿನವೇ ಹೇಳಿದಳು: “ಅಂಕಲ್, ಮೋಟಾರಲ್ಲಿ ಎರಡು ಜಾತಿ. ಸ್ಟೆಪ್ಪರ್ ಅನ್ನೋದು ಹೇಳಿದಷ್ಟು ಹೆಜ್ಜೆ ಹಾಕತ್ತೆ. ಆದ್ರೆ ಎಲ್ಲಾದ್ರೂ ಸಿಕ್ಕಾಕೊಂಡು ನಾಲ್ಕು ಹೆಜ್ಜೆ ಕಳ್ಕೊಂಡ್ರೆ ಯಾರಿಗೂ ಹೇಳಲ್ಲ. ಸರ್ವೋ ಹಾಗಲ್ಲ, ಎಲ್ಲಿದೀನಿ, ಎಲ್ಲಿದೀನಿ ಅಂತ ವರದಿ ಒಪ್ಪಿಸ್ತಾನೇ ಇರತ್ತೆ.” ಪ್ರಭುಗಳೇ, ಮಾತು ಮಾತಿಗೂ ಸೈಡ್ ವಿಂಗಿನ ಕಡೆ ಕತ್ತು ಹೊರಳಿಸಿ, ‘ನಾನು ಹೇಳಿದ್ದು ಸರಿಯಾ?’ ಎಂದು ಪ್ರಾಂಪ್ಟರನ್ನು ಕೇಳುವ ನಟನನ್ನು ನಾನು ಜನ್ಮದಲ್ಲಿ ಗೌರವಿಸಿಲ್ಲ. ಹೆಜ್ಜೆ ಇಟ್ಟನೆಂದರೆ ಇಟ್ಟ, ತಿರುಗಿ ನೋಡುವವನಲ್ಲ: ಅವನು ಕಲಾವಿದ! ಆದ್ದರಿಂದ ಭದ್ರಾವತಿಯ ಗುಜರಿ ಅಂಗಡಿಯಲ್ಲಿ, ಯಾವುದೋ ಕಾಲದ ದಪ್ಪ ಪ್ರಿಂಟರುಗಳ ಹೊಟ್ಟೆ ಬಗೆದು, ಮೂರು ಸ್ಟೆಪ್ಪರುಗಳನ್ನು ತಮಗಾಗಿ ಸಂಪಾದಿಸಿದೆ. ಆ ಮೋಟಾರು ತಿರುಗಿದಾಗ ತಮ್ಮ ಕೆತ್ತುವ ತಲೆಯನ್ನು ಹಿಂದೆ ಮುಂದೆ ಒಯ್ಯಲು, ನುಣುಪಾಗಿ ಜಾರುವ ಬಾಲ್ ಸ್ಕ್ರೂ ಎಂಬುದೊಂದಿದೆಯೆಂದು ಆಕೆ ಅಂದಳು. ನಮ್ಮಂಥ ಗಂಡಸು ನಾಟಕದವರಿಗೆ ಅಷ್ಟು ನಾಜೂಕು ಒಗ್ಗುವುದಿಲ್ಲವೆಂದು ಶೆಡ್ಡಿನ ಚಾವಣಿ ಬಿಗಿಯುವ ದಪ್ಪ ಥ್ರೆಡ್ ರಾಡನ್ನೇ ಹಾಕಿ ಮೈತುಂಬ ಗ್ರೀಸು ಬಳಿದೆ.

ಇನ್ನೂ ಒಂದು ಸಲಹೆ ಬಂದಿತ್ತು. ತಾವು ಎಲ್ಲಿಂದ ಹೊರಡುತ್ತೀರೋ ಆ ಜಾಗದಲ್ಲಿ ಒಂದು ಪುಟ್ಟ ಸ್ವಿಚ್ಚು ಇಟ್ಟರೆ, ಹಿಂತಿರುಗಿ ಬಂದು ಅದನ್ನು ಮುಟ್ಟಿ ‘ಮನೆ ಸೇರಿದೆ’ ಎಂದು ತಿಳಿದುಕೊಳ್ಳುತ್ತೀರಂತೆ. “ನಿಲ್ಲುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿಸಿಕೊಳ್ಳುವವನು ನಟನೇ ಅಲ್ಲಮ್ಮ” ಎಂದು ನಾನು ಗುಡುಗಿದೆ. ಆಕೆ ಸ್ವಿಚ್ಚನ್ನು ಚೂಡಿದಾರದ ಜೇಬಿಗೆ ಹಾಕಿಕೊಂಡು, “ಇಟ್ಕೊಂಡಿರ್ತೀನಿ ಬಿಡಿ ಅಂಕಲ್, ಮುಂದೆ ಬೇಕಾಗತ್ತೆ” ಎಂದು ಮೆಟ್ಟಿಲು ಹತ್ತಿದಳು. ಆ ‘ಮುಂದೆ’ ಇಷ್ಟು ಹತ್ತಿರದಲ್ಲಿದೆಯೆಂದು ಆಕೆಯಾದರೂ ಬಲ್ಲಳೆ!

ದೇಹವಾಯಿತು, ಇನ್ನು ತಮಗೆ ಬುದ್ಧಿ ಬೇಕಲ್ಲ. ಕಂಪ್ಯೂಟರಿನಲ್ಲಿ ಕೂತು ತಮ್ಮನ್ನು ಕುಣಿಸುವ ಸಾಫ್ಟ್‌ವೇರಿಗಾಗಿ ನಾನು ಸೂತ್ರಧಾರನ ಪಾತ್ರಕ್ಕೆ ನಡೆಸುವಂತೆಯೇ ಪರೀಕ್ಷೆ ನಡೆಸಿದೆ. ಮೊದಲು ಬಂದಾತ ಕಪ್ಪು ಪರದೆಯ ಹಳೇ ಮೇಷ್ಟ್ರು. ಮೌಸು ಮುಟ್ಟುವುದಿಲ್ಲ, ಬಣ್ಣ ಕಾಣುವುದಿಲ್ಲ, ಒಂದು ಚುಕ್ಕಿ ತಪ್ಪಿ ಬಿದ್ದರೆ ಉತ್ತರವೂ ಕೊಡದೆ ಮುಖ ತಿರುಗಿಸುವವನು. ಮಧ್ಯಾಹ್ನವಿಡೀ ಅವನ ಎದುರು ಕೂತು ನನಗೆ ಬಾಲ್ಯದ ಮಗ್ಗಿ ನೆನಪಾಗಿ ಜ್ವರ ಬಂದಂತಾಯಿತು. ಎರಡನೆಯವನು ಅಲಂಕಾರಪ್ರಿಯ. ಅಬ್ಬಾ, ಏನು ಬಣ್ಣ, ಏನು ಬೆಳಕು, ಎಷ್ಟು ದೊಡ್ಡ ಹಸಿರು ಗುಂಡಿ! ನಾನು ಅವನಿಗೇ ಹಾರ ಹಾಕಿದ್ದೆ. ಆದರೆ ತಾವು ಅರ್ಧ ಹೂವು ಕೆತ್ತಿದ ಹೊತ್ತಿಗೆ ಪರದೆಯ ಮೇಲೆ, ಕಂಪ್ಯೂಟರನ್ನು ಯಾರೂ ಮುಟ್ಟದಿದ್ದಾಗ ತಾನಾಗಿ ಬರುವ ಬಣ್ಣದ ಮೀನುಗಳು ಈಜತೊಡಗಿದವು. ಸೂತ್ರಧಾರ ಮೀನು ನೋಡುತ್ತಾ ತಾಳ ತಪ್ಪಿದ, ತಾವು ತೊದಲಿದಿರಿ, ಹೂವು ಹೋಗಿ ಹೂಕೋಸಾಯಿತು. ಮೂರನೆಯವನು ಪೆಂಗ್ವಿನ್ ಎಂಬ ಹಾರಲಾರದ ಹಕ್ಕಿಯ ಗುರುತಿನವನು, ಸುಪ್ರಿಯಾ ತಂದ ಸಿ.ಡಿ.ಯಲ್ಲಿ ಪುಕ್ಕಟೆ ಬಂದವನು. “ನೋಡಕ್ಕೆ ಚೆನ್ನಾಗಿಲ್ಲ ಅಂಕಲ್, ಆದ್ರೆ ಪ್ರಾಣ ಹೋದ್ರೂ ತಾಳ ಬಿಡಲ್ಲ” ಎಂದಳು. ಅವನನ್ನು ಕಂಪ್ಯೂಟರಿನೊಳಗೆ ಕೂರಿಸುವಷ್ಟರಲ್ಲಿ ನನ್ನ ಅಂಗಡಿಯ ಸೀರೆಗಳ ಪಟ್ಟಿಯೆಲ್ಲ ಅಳಿಸಿಹೋಗಿ, ಇಂದಿಗೂ ಗಿರಾಕಿಗಳು ಬಂದು ಇಳಕಲ್ ಕೇಳಿದರೆ ನಾನು ಏಣಿ ಹತ್ತಿ ಹುಡುಕುತ್ತೇನೆ. ಇರಲಿ. ತಾಳವಂತೂ ತಪ್ಪಲಿಲ್ಲ. ಬಲಗೈ ಸಿಂಹವನ್ನು ಸೂಜಿಮೊನೆಯಿಂದ ಮುಟ್ಟಿ ಮುಟ್ಟಿ ಅಳೆದು, ಕನ್ನಡಿಯ ಬಿಂಬದಂತೆ ಮಗುಚಿ, ಎಡಗೈ ಸಿಂಹದ ಫೈಲನ್ನು ಆಕೆ ಸಿದ್ಧಮಾಡಿಕೊಟ್ಟಳು.

ಇಷ್ಟೆಲ್ಲ ಆದಮೇಲೂ ನಮ್ಮ ಮನೆಯಲ್ಲಿ ತಕ್ಕಡಿಯಿಂದ ಹಿಡಿದು ಸ್ಕೂಟರಿನವರೆಗೆ ಯಾವುದಕ್ಕೂ ವಿಭೂತಿಯಿಲ್ಲದೆ ಕೆಲಸ ಶುರುವಾಗುವ ಪದ್ಧತಿಯಿಲ್ಲ. ಪ್ರತಿ ಸೋಮವಾರ ನನ್ನ ಧರ್ಮಪತ್ನಿ ವೀರಮ್ಮ ತಟ್ಟೆ ಹಿಡಿದು ಶೆಡ್ಡಿಗೆ ಬಂದು, ತಮ್ಮ ಮುಂಭಾಗದ ರಾಡಿನ ತುದಿಗೆ, ಆ ಗ್ರೀಸಿನ ಮೇಲೆಯೇ, ಮೂರು ಪಟ್ಟೆ ದಪ್ಪವಾಗಿ ಎಳೆದು ಹೋಗುತ್ತಿದ್ದಳು. “ಅಲ್ವೇ, ರಾಡಿಗ್ಯಾಕೆ ಹಚ್ತೀಯ?” ಎಂದು ನಾನು ಒಮ್ಮೆ ಕೇಳಿದ್ದುಂಟು. “ಹಣೆ ಯಾವ್ದು ಅಂತ ನೀವೇ ತೋರ್ಸಿ, ಅಲ್ಲೇ ಹಚ್ತೀನಿ” ಎಂದಳು. ಪ್ರಭುಗಳೇ, ತಮ್ಮನ್ನು ಕೈಯಾರೆ ಹುಟ್ಟಿಸಿದ ನನಗೆ ತಮ್ಮ ಹಣೆ ಎಲ್ಲಿದೆಯೆಂದು ಹೇಳಲಾಗಲಿಲ್ಲ. ಹೀಗೆ ಸೋಮವಾರದಿಂದ ಸೋಮವಾರಕ್ಕೆ ವಿಭೂತಿ ಗ್ರೀಸಿನಲ್ಲಿ ಕಲಸಿ, ಒಣಗಿ, ತಾವು ಹೊರಡುವ ಆ ತುದಿಯಲ್ಲೇ, ಅಂದರೆ ತಮ್ಮ ಮನೆಬಾಗಿಲಿನಲ್ಲೇ, ಗಾರೆಯಂತೆ ಗಟ್ಟಿಯಾಗುತ್ತಿತ್ತು.

ಬಂತು ಆ ಭಾನುವಾರ. ಮಂಗಳವಾರ ನಾಟಕ. ನನ್ನ ಬಳಿ ಇದ್ದದ್ದು ಚೆನ್ನಾಗಿ ಪಳಗಿದ ಹಲಸಿನ ತುಂಡು ಒಂದೇ ಒಂದು. ಭದ್ರಾವತಿಯಿಂದ ಟೆಂಪೋ ತುಂಬ ಸಂಘದವರು ಬಂದು ಶೆಡ್ಡಿನಲ್ಲಿ ಗೋಣಿಚೀಲ ಹಾಸಿ ಕೂತರು. ತಾವು ಬೆಳಗ್ಗೆ ಉಳಿ ಇಳಿಸಿದವರು ಸಂಜೆ ದೀಪ ಹಚ್ಚುವ ಹೊತ್ತಿಗೆ ಕೊನೆಯ ನಯಗೆಲಸ ಮುಗಿಸಿ ಉಳಿ ಎತ್ತಿದಿರಿ. ಆಹಾ! ಸತ್ಯವನ್ನು ಮುಚ್ಚಿಡಲಾರೆ. ಕೇಸರದ ಒಂದೊಂದು ಎಳೆ ಬೇರೆ, ಮೂಗಿನ ಹೊಳ್ಳೆಯಲ್ಲಿ ಕೋಪ, ತುಟಿಯಂಚಿನಲ್ಲಿ ರಾಜಗಾಂಭೀರ್ಯ. ಸಾಕ್ಷಾತ್ ಭೈರಪ್ಪನೇ ಕನ್ನಡಕ ತೆಗೆದು ಒರೆಸಿಕೊಂಡು, “ಉಸಿರಾಡ್ತದೆ ಕಣೋ ಷಡಕ್ಷರಿ. ಕಿರೀಟ ನಿಂದೇ, ಒಪ್ದೆ” ಎಂದುಬಿಟ್ಟ. ಶೆಡ್ಡಿನ ತಗಡು ಹಾರಿಹೋಗುವಂತೆ ಚಪ್ಪಾಳೆ, ಶಿಳ್ಳೆ! ಆ ಗದ್ದಲದ ನಡುವಿನಿಂದ ಯಾರೋ ಒಬ್ಬ ಕೂಗಿದ: “ಒನ್ಸ್ ಮೋರ್!”

ನಾಟಕ ನೋಡಿ ಬೆಳೆಯದ ತಮಗೆ ಈ ಎರಡು ಪದದ ಮಹಿಮೆಯನ್ನು ಹೇಗೆ ಬಿಡಿಸಿ ಹೇಳಲಿ? ಸಭೆಯಿಂದ ‘ಒನ್ಸ್ ಮೋರ್’ ಎಂದರೆ ನಮ್ಮ ರಂಗದಲ್ಲಿ ಸತ್ತವನು ಎದ್ದು ಕೂತು ಇನ್ನೊಮ್ಮೆ ಹಾಡಿ ಇನ್ನೊಮ್ಮೆ ಸಾಯಬೇಕು. ಓಡಿಹೋದ ನಾಯಕಿ ವಾಪಸು ಬಂದು ಇನ್ನೊಮ್ಮೆ ಓಡಿಹೋಗಬೇಕು. ಅದನ್ನು ಒಲ್ಲೆನೆಂದ ನಟನಿಲ್ಲ. ಆದರೆ ಅದು ಸಿಗುವುದು ಹಾಡುವವರಿಗೆ. ಗರ್ಜಿಸುವ ರಾಜನಿಗೆ ಚಪ್ಪಾಳೆ ಬೀಳುತ್ತದೆ, ಹಾರ ಬೀಳುತ್ತದೆ, ಮೂವತ್ತು ವರ್ಷದಲ್ಲಿ ಒಂದೇ ಒಂದು ‘ಒನ್ಸ್ ಮೋರ್’ ಬಿದ್ದಿರಲಿಲ್ಲ. ಹಾಗಿರುವಾಗ ನನ್ನದೇ ಶೆಡ್ಡಿನಲ್ಲಿ, ನನ್ನ ಮುಖ ನೋಡಿ ಕೂಗಿದರೆ, ನಾನೇನು ಮಾಡಲಿ? ಎದೆಯ ಮೇಲೆ ಕೈಯಿಟ್ಟು ಬಗ್ಗಿ ವಂದಿಸಿ, ಕೊನೆಯ ನಯಗೆಲಸವನ್ನೇ ಇನ್ನೊಮ್ಮೆ ಮಾಡೆಂದು ಗುಂಡಿ ಒತ್ತಿದೆ. ಅದರಲ್ಲಿ ಅಪಾಯವೂ ಇರಲಿಲ್ಲ. ಕೆತ್ತಬೇಕಾದದ್ದೆಲ್ಲ ಕೆತ್ತಿ ಮುಗಿದಿತ್ತು, ತಾವು ಬಂದ ದಾರಿಯಲ್ಲೇ ಮರವನ್ನು ಸವರಿಕೊಂಡು ಬರೀ ಅಭಿನಯ ಮಾಡಿ ಬಂದರೆ ಸಾಕಿತ್ತು. ಗೆಳೆಯರನ್ನೆಲ್ಲ ಮನೆಯ ಮುಂದಿನ ಜಗಲಿಗೆ ಕರೆದೊಯ್ದು ಮಂಡಕ್ಕಿ, ಮೆಣಸಿನಕಾಯಿ ಬೋಂಡ ಹಂಚಲು ಕೂತೆ.

ಈಗ ತಮ್ಮ ಪಾಂಡಿತ್ಯದ ಪ್ರಸಂಗ. ಮೊದಲ ಸಲ ಕೆತ್ತಿ ಮುಗಿಸಿ ತಾವು ಮನೆಗೆ ಮರಳುವಾಗ, ಸಂಬಳ ಪಡೆದ ನಟ ಊರಿಗೆ ಓಡುವ ವೇಗದಲ್ಲಿ ಓಡಿ ಬಂದಿರಿ, ಬಂದವರು ಆ ವಿಭೂತಿ ಗಾರೆಗೆ ಸಿಕ್ಕಿ ಹೆಬ್ಬೆರಳಿನ ಅಗಲದಷ್ಟು ಈಚೆಯೇ ನಿಂತಿರಿ, ಕಿರ್ರೆಂದು ಕಿರುಚಿದಿರಿ. ಶಿಳ್ಳೆ ಚಪ್ಪಾಳೆಯಲ್ಲಿ ಆ ಕಿರುಚು ಯಾರಿಗೂ ಕೇಳಲಿಲ್ಲ. ತಾವೂ ಹೇಳಲಿಲ್ಲ! ಹೇಳುವ ಸರ್ವೋ ಬೇಡವೆಂದವನು ನಾನು, ಮನೆ ತೋರುವ ಸ್ವಿಚ್ಚು ಬೇಡವೆಂದವನೂ ನಾನೇ ಎಂದು ತಾವು ಕುಹಕವಾಡಬಹುದು. ಮಹನೀಯರು ಇಂಥ ಸಣ್ಣ ಮಾತು ಆಡುವುದಿಲ್ಲ. ಸೂತ್ರಧಾರನೋ, ತಾವು ಮನೆಯಲ್ಲೇ ಇದ್ದೀರೆಂದು ನಂಬಿ, ಒಂದಿಷ್ಟೂ ತಾಳ ತಪ್ಪದೆ, ಹೆಬ್ಬೆರಳಿನಗಲ ಪಕ್ಕಕ್ಕೆ ಸರಿದು, ಕೆತ್ತಿದ ಸಿಂಹದ ಮೇಲೆಯೇ ಇನ್ನೊಂದು ಸಿಂಹವನ್ನು ಕೆತ್ತಿಸಿದ. ಮಹಡಿಯಿಂದ ಸುಪ್ರಿಯಾ, “ಅಂಕಲ್, ಮರ ತಿಂತಿದೆ! ಸದ್ದು ಕೇಳ್ತಿಲ್ವಾ?” ಎಂದು ಕೂಗುತ್ತಾ ಇಳಿದು ಬಂದು ಪ್ಲಗ್ಗು ಕೀಳುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಎರಡು ಮುಖದ ತಗ್ಗುಗಳೆಲ್ಲ ಉಳಿದು ಉಬ್ಬುಗಳೆಲ್ಲ ಹಾರಿಹೋಗಿದ್ದವು. ಮೂಗು ನೂಲಿನಷ್ಟು. ಬಾಯಿ ಈ ಕಿವಿಯಿಂದ ಆ ಕಿವಿಯವರೆಗೆ. ಕಣ್ಣು, ಪ್ರಭುಗಳೇ, ಮೂರು. ಬೋಂಡ ಕೈಯಲ್ಲಿ ಹಿಡಿದೇ ಸಂಘವೆಲ್ಲ ಶೆಡ್ಡಿಗೆ ಓಡಿಬಂದಿತು. ವೀರಮ್ಮ ಮಾತ್ರ “ಅಯ್ಯೋ, ಮುಕ್ಕಣ್ಣ!” ಎಂದು ಒಳಗೋಡಿ ತಟ್ಟೆ ತಂದು, “ಇದಕ್ಕಾದ್ರೂ ಒಂದು ಹಣೆ ಅದೆ” ಎಂದು ಸಮಾಧಾನದಿಂದ ಮೂರು ಪಟ್ಟೆ ಎಳೆದಳು. ಭೈರಪ್ಪ ಬೋಂಡ ಪೂರ್ತಿ ಅಗಿದು ನುಂಗಿ, “ಸರಿಜೋಡಿ ಅಂದಿದ್ದೆ. ಇದು ಬಲಗಡೆದಕ್ಕೆ ಜೋಡಿಯೇನೋ ಮಾರಾಯ?” ಎಂದ. ಕಿರೀಟದ ಡಬ್ಬವನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಅವನ ಕೈಗೆ ಕೊಟ್ಟೆ. ಹಾರ್ಮೋನಿಯಂ ಮುಟ್ಟಿದ್ದೆನಲ್ಲ.

ಮಂಗಳವಾರ ಬೇರೆ ಸಿಂಹವಿಲ್ಲದ್ದಕ್ಕೆ ಅದನ್ನೇ ಎಡಗೈಗೆ ಬಡಿದು ಬಂಗಾರದ ಬಣ್ಣ ಹಚ್ಚಿದರು. ಪಾತ್ರವಿಲ್ಲದ ನನಗೆ ಪರದೆಯ ಹಗ್ಗ ಹಿಡಿಯುವ ಕೆಲಸ ಕೊಟ್ಟರು. ನಾಂದಿಯಾಯಿತು, ಪರದೆ ಎತ್ತಿದೆ. ಭೈರಪ್ಪ ನನ್ನ ಕಿರೀಟ ಇಟ್ಟುಕೊಂಡು, ನನ್ನ ಮೊದಲ ಗರ್ಜನೆಗೆಂದು ಎದೆಯುಬ್ಬಿಸಿ ಬಾಯಿ ತೆರೆದಿದ್ದ. ಆದರೆ ಸಭೆ ಅವನನ್ನು ನೋಡುತ್ತಿರಲಿಲ್ಲ. ಅವನ ಕೈಯ ಕೆಳಗಿಂದ ಮೂರು ಕಣ್ಣಿನ ಆ ಪ್ರಾಣಿ, ಲೋಕದ ಸಕಲ ರಾಜರನ್ನೂ ಕಂಡು ಹೊಟ್ಟೆ ತುಂಬ ನಕ್ಕಂತೆ, ಬಾಯಿ ಅಗಲಿಸಿ ಕೂತಿತ್ತು. ಮೊದಲು ಮಕ್ಕಳ ಸಾಲಿನಿಂದ ಕಿಲಕಿಲ, ಆಮೇಲೆ ಹೆಂಗಸರ ಕಡೆಯಿಂದ, ಆಮೇಲೆ ಇಡೀ ಬಯಲು. ಕಡೆಗೆ ಹಿಂದಿನಿಂದ ಶಿಳ್ಳೆಯೊಂದಿಗೆ ಬಂತು: “ಒನ್ಸ್ ಮೋರ್!” ಕಾರ್ಖಾನೆ ಕ್ವಾರ್ಟರ್ಸಿನವರು “ಇನ್ನೊರು ವಾಟಿ, ಇನ್ನೊರು ವಾಟಿ” ಎಂದು ಅದನ್ನೇ ತಮಿಳಿನಲ್ಲಿ ಹೇಳಿ ದನಿಗೂಡಿಸಿದರು. ಭೈರಪ್ಪ ತೆರೆದ ಬಾಯಿಯನ್ನು ಮುಚ್ಚಲೂ ಆಗದೆ, ಮಾತಾಡಲೂ ಆಗದೆ, ಓರೆಗಣ್ಣಿನಲ್ಲಿ ನನ್ನನ್ನು ನೋಡಿದ. ಸಭೆ ಕೇಳಿದ ಮೇಲೆ ಒಲ್ಲೆನೆನ್ನಲಾಗದು. ನಾನು ಪರದೆ ಇಳಿಸಿ, ಇನ್ನೊಮ್ಮೆ ಎತ್ತಿದೆ.

ಇದೇ ಮಹಾಸ್ವಾಮಿ, ನನ್ನ ದೂರಿನ ತಿರುಳು. ಕಿರೀಟ ಹೋದದ್ದಕ್ಕಲ್ಲ. ಮೂವತ್ತು ವರ್ಷ ಗಂಟಲು ಹರಿದುಕೊಂಡರೂ ನನಗೆ ಬಾರದ ಆ ಎರಡು ಪದವನ್ನು ತಾವು ತಪ್ಪು ಮಾಡಿ, ರಂಗಕ್ಕೆ ಬರದೆ, ಹೊಸಮನೆಯ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿಕೊಂಡೇ ಸಂಪಾದಿಸಿಬಿಟ್ಟಿರಿ. ಸಭೆಗೆ ಅದನ್ನು ತೋರಿಸುವ ಹಗ್ಗವನ್ನು ನನ್ನ ಕೈಯಿಂದಲೇ ಎಳೆಸಿದಿರಿ. ಇಂಥ ಪ್ರತಿಭೆಗೆ ನಮೋ ನಮಃ! ಸುಪ್ರಿಯಾ ಮರುದಿನ ಸೀಮೆಎಣ್ಣೆಯಲ್ಲಿ ರಾಡು ತಿಕ್ಕಿ, ಉಗುರಿನಲ್ಲಿ ಆ ಗಾರೆಯನ್ನು ಎಬ್ಬಿಸಿ, “ನೋಡಿ ಅಂಕಲ್” ಎಂದು ನನ್ನ ಅಂಗೈಗೆ ಹಾಕಿದಾಗ, ನಾನು ಅದನ್ನು ಬಿಸಾಡುವುದೋ ಹಣೆಗೆ ಹಚ್ಚಿಕೊಳ್ಳುವುದೋ ತಿಳಿಯದೆ ನಿಂತಿದ್ದೆ.

ಆದ್ದರಿಂದ ತಮ್ಮಲ್ಲಿ ನನ್ನ ಸಣ್ಣ ಬಿನ್ನಹಗಳು ಇಷ್ಟೇ. ಇನ್ನು ಮುಂದೆ ಹೆಜ್ಜೆ ತಪ್ಪಿದಾಗ, ಚಪ್ಪಾಳೆ ಎಷ್ಟೇ ಇರಲಿ, ನನ್ನಂತೆ ದೊಡ್ಡ ದನಿಯಲ್ಲಿ ಕಿರುಚಬೇಕು. ಕಲಿಸಲು ನಾನು ಸಿದ್ಧ, ಪ್ರಾತಃಕಾಲ ತುಂಗಾ ನದಿಯಲ್ಲಿ ಕತ್ತುಮಟ್ಟ ನಿಂತು ಸಾಧನೆ ಮಾಡಬೇಕಾಗುತ್ತದೆ, ತಮ್ಮ ವೈರುಗಳನ್ನು ಮನೆಯಲ್ಲೇ ಬಿಟ್ಟು ಬರುವುದು ಒಳ್ಳೆಯದು. ತಮಗೆ ಬಂದ ‘ಒನ್ಸ್ ಮೋರ್’ನಲ್ಲಿ ‘ಒನ್ಸ್’ ತಾವಿಟ್ಟುಕೊಂಡು ‘ಮೋರ್’ ನನಗೆ ಕೊಟ್ಟರೂ ಸಂತೋಷ. ಅದೂ ಆಗದಿದ್ದರೆ, ಬರುವ ವರ್ಷ ತಾವೇ ಕಿರೀಟ ಧರಿಸಿ ಉಗ್ರಕೇತುವಾಗಿ ಬನ್ನಿ, ನಾನು ಮಂತ್ರಿಯಾಗಿ ಬಗ್ಗುತ್ತೇನೆ. ಭೈರಪ್ಪ ರಾಜನಾಗಿರುವುದನ್ನು ನೋಡುವುದಕ್ಕಿಂತ ಅದು ಎಷ್ಟೋ ವಾಸಿ.

ಎಲ್ಲಿ ನಿಂತಿದ್ದೇನೆಂದು ತಮ್ಮಂತೆಯೇ ತಿಳಿಯದೆ ನಿಂತಿರುವ,

ತಮ್ಮ ವಿಶ್ವಾಸಿ,
ಷಡಕ್ಷರಪ್ಪ
ಜವಳಿ ವ್ಯಾಪಾರಿ ಮತ್ತು ಪರದೆಯ ಹಗ್ಗದವನು

ತಾ.ಕ.: ಪತ್ರ ಮುಗಿಸಿದ ಮೇಲೆ ಭೈರಪ್ಪ ಮನೆಗೆ ಬಂದಿದ್ದ. ತನ್ನ ಒಂದು ಮಾತೂ ಯಾರ ಕಿವಿಗೂ ಬೀಳಲಿಲ್ಲವೆಂದು ಅವನಿಗೆ ರಾಜನ ಪಾತ್ರ ಸಾಕಾಗಿದೆಯಂತೆ. “ಜನ ಬಲಗಡೆನೂ ಅದೇ ಥರದ್ದು ಬೇಕು ಅಂತಿದಾರೆ ಕಣೋ. ಹಳೇದು ಪಕ್ಕದಲ್ಲಿ ಸಪ್ಪೆ ಕಾಣ್ತದೆ. ಇದಕ್ಕೆ ಸರಿಜೋಡಿ ಮಾಡ್ಕೊಡು, ಕಿರೀಟ ವಾಪಸ್ ತಗೊಂಡ್ಹೋಗು” ಎಂದು ಹಾರ್ಮೋನಿಯಂ ಮುಟ್ಟಿ ಬಂದಿದ್ದಾನೆ. ಆದರೆ ತಮ್ಮ ರಾಡು ಈಗ ಫಳಫಳ, ಸುಪ್ರಿಯಾಳ ಜೇಬಿನಿಂದ ಹೊರಬಂದ ಸ್ವಿಚ್ಚು ತಮ್ಮ ಮನೆಬಾಗಿಲಲ್ಲಿ. ನಾನು ಎಷ್ಟು ಸಲ ‘ಒನ್ಸ್ ಮೋರ್’ ಒತ್ತಿದರೂ ತಾವು ಮರ್ಯಾದಸ್ಥರಂತೆ ಮನೆಗೆ ಹೋಗಿ, ಸ್ವಿಚ್ಚು ಮುಟ್ಟಿ, ಹಿಂತಿರುಗಿ, ಎರಡೇ ಕಣ್ಣಿನ ನಿಷ್ಕಳಂಕ ಸಿಂಹವನ್ನು ನನ್ನ ಮುಂದಿಡುತ್ತೀರಿ. ಬೇಡವೆಂದಾಗ ಮಾಡಿದ ತಪ್ಪನ್ನು ಬೇಕೆಂದಾಗ ಮಾಡಲು ತಮಗೆ ಬರುವುದಿಲ್ಲವೆಂದಾಯಿತು. ಚಿಂತೆಯಿಲ್ಲ. ನಿನ್ನೆ ಸ್ವಿಚ್ಚನ್ನು ಬಿಚ್ಚಿ ನನ್ನ ಜೇಬಿಗೆ ಹಾಕಿಕೊಂಡಿದ್ದೇನೆ. ಇಂದು ಸೋಮವಾರ, ವೀರಮ್ಮ ತಟ್ಟೆ ಹಿಡಿದು ಬಂದಳು. ತಮ್ಮ ಹಣೆ ಎಲ್ಲಿದೆಯೆಂದು ಈ ಸಲ ನಾನೇ ಆ ರಾಡಿನ ತುದಿಗೆ ಬೆರಳಿಟ್ಟು ತೋರಿಸಿದ್ದೇನೆ.